ಎರಡು ಎಲೆ, ನಡುವೆ ಒಂದು ಚುಕ್ಕಿ

ಮೂರನೆಯ ದಿನದ ಜಿಯಾರತ್ ಮುಗಿದಿದೆ. ನೆಂಟರು ಹೊರಟುಹೋಗಿದ್ದಾರೆ. ಬಾಡಿಗೆಗೆ ತಂದಿದ್ದ ಕುರ್ಚಿ, ದೊಡ್ಡ ಪಾತ್ರೆಗಳು ಹಿಂದಿನ ಸಂಜೆಯೇ ಅಂಗಡಿಗೆ ಮರಳಿವೆ. ಇರ್ಫಾನ ಮಣ್ಣಾಗಿ ಇದು ಐದನೆಯ ಬೆಳಗು. ಸವಣೂರಿನ ಆ ಓಣಿಗೆ ಹಾಲಿನವನು ಎಂದಿನ ಹೊತ್ತಿಗೇ ಬರುತ್ತಾನೆ, ನಳಕ್ಕೆ ಎಂದಿನ ಹೊತ್ತಿಗೇ ನೀರು ಬರುತ್ತದೆ. ಇರ್ಫಾನನ ಹೆಂಡತಿ ಶಾಹೀನ ಕೊಡ ಹಿಡಿದು ನಿಂತಿದ್ದಾರೆ. ಕೊಡ ತುಂಬಿ ಹರಿಯುತ್ತಿರುವುದು ಅವರಿಗೆ ತಿಳಿದಿಲ್ಲ. ಅಷ್ಟರಲ್ಲಿ ಕಿಟಕಿಯ ಕಟ್ಟೆಯ ಮೇಲಿದ್ದ ಫೋನು ಹೊಡೆದುಕೊಳ್ಳತೊಡಗುತ್ತದೆ. ಅದು ಇರ್ಫಾನನ ಫೋನು.

“ಹಲೋ, ಚಪ್ಪಲಿ ಕಂಪನಿ ಏನ್ರಿ?” ಹೆಣ್ಣುಮಗಳ ದನಿ.

ಫೋನು ಎತ್ತಿಕೊಂಡ ಶಾಹೀನ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

“ಹಲೋ! ಹಿರೇಕೆರೂರಿಂದ ಮಾತಾಡಾಕತ್ತೇನಿ. ದೂರು ಇದ್ರ ಈ ನಂಬರಿಗೆ ಫೋನ್ ಮಾಡ್ರಿ ಅಂತ ಚೀಟಿ ಮ್ಯಾಲ ನೀವ ಬರದೀರಿ. ನಂದು ದೂರು ಐತಿ. ತಗೊಂಡು ಹದಿನೈದ ದಿನ ಆಗಿಲ್ಲ, ಉಂಗುಟದ ಪಟ್ಟಿ ಕಿತ್ತು ಕೈಗೆ ಬಂತು.”

“ಯಾವ ಕಾಲಿಂದ್ರಿ?”

“ಬಲಗಾಲಿಂದು. ಯಾಕ್ರಿ, ಎಡಗಾಲಿಂದಾದ್ರ ಬ್ಯಾರೆ ಆಫೀಸೈತೇನು?”

ಐದು ದಿನಗಳಲ್ಲಿ ಶಾಹೀನ ತಾವಾಗಿ ಆಡಿದ ಮೊದಲ ಮಾತು ಅದು: ಯಾವ ಕಾಲಿನದು? ಹೆಸರು ಬರೆದುಕೊಳ್ಳಲು ಪೆನ್ನು ಹುಡುಕುತ್ತಾ ಅವರು ಹೊಲಿಗೆ ಯಂತ್ರದ ಖಾನೆ ಎಳೆಯುತ್ತಾರೆ. ಪೆನ್ನಿನ ಪಕ್ಕದಲ್ಲಿ ನೀಲಿ ಗೆರೆಯ ಕರವಸ್ತ್ರದಲ್ಲಿ ಕಟ್ಟಿದ ಸಣ್ಣದೊಂದು ಗಂಟು ಇದೆ. ಅದರಲ್ಲಿ ಏನಿದೆ ಎಂಬುದು ಅವರಿಗೆ ಗೊತ್ತು. ಪೆನ್ನು ತೆಗೆದುಕೊಂಡು ಖಾನೆ ಮುಚ್ಚುತ್ತಾರೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಹಿರೇಕೆರೂರಿನ ಆ ಹೆಣ್ಣುಮಗಳ ಹೆಸರು, ಚಪ್ಪಲಿಯ ಅಳತೆ ಬರೆಯುತ್ತಾರೆ. “ಹೊಲಿಸಿ ಕೊಡ್ತೇವ್ರಿ. ಸಂತ್ಯಾಗ ನಮ್ಮವರು…” ಎಂದು ಅಲ್ಲಿಗೇ ನಿಲ್ಲಿಸಿ, “ಸಂತ್ಯಾಗ ಯಾರರೇ ಬರ್ತಾರ್ರಿ” ಎನ್ನುತ್ತಾರೆ.

ಆ ಬೆಳಗಿಗೆ ಈಗ ಐದು ತಿಂಗಳು ತುಂಬುತ್ತ ಬಂದಿದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹನ್ನೊಂದು ಮಂದಿ ಚಪ್ಪಲಿ ಹೊಲಿಯುವವರ ಮಾಲು ಇಂದು ಶಾಹೀನ ಅವರ ಪಡಸಾಲೆಯನ್ನು ಹಾದೇ ಸಂತೆಗೆ ಹೋಗುತ್ತದೆ. ಸಂತೆಗಳಲ್ಲಿ ಅವರ ಮುಖ ಕಂಡವರಿಲ್ಲ. ‘ಚೀಟಿ ಅಕ್ಕ’ ಎಂದರೆ ಮಾತ್ರ ಎಲ್ಲರಿಗೂ ಗೊತ್ತು.

ಮಾಲು ಬಂದ ದಿನ ಬೆಳಗಿನ ನಮಾಜು ಮುಗಿಸಿ, ನಾಲ್ಕು ವರ್ಷದ ಮಗಳು ಮಾಹೀರಾ ಏಳುವ ಮೊದಲು ಅವರು ಕೆಲಸಕ್ಕೆ ಕೂರುತ್ತಾರೆ. ಮಗ್ಗುಲಲ್ಲಿ ಗೋಣಿಚೀಲ, ಮುಂದೆ ಅಳತೆಯ ಪಟ್ಟಿ, ಮೇಣ ಹಚ್ಚಿದ ದಾರದ ಉಂಡೆ. ಒಂದೊಂದು ಜೊತೆಯನ್ನೂ ತೆಗೆದು ಅಡಿಗೆ ಅಡಿ ಕೂಡಿಸಿ ನೋಡುತ್ತಾರೆ. ಕೈಯಿಂದ ಹೊಲಿದ ಚಪ್ಪಲಿಯಲ್ಲಿ ಎಡ ಬಲಕ್ಕೆ ಒಂದು ಎಳೆಯಷ್ಟು ವ್ಯತ್ಯಾಸ ಬರುವುದುಂಟು. ಹೆಚ್ಚು ಬಂದರೆ ಆ ಜೊತೆಯನ್ನು ಹೊಲಿದವರಿಗೇ ಕಳಿಸುತ್ತಾರೆ. ಅಳತೆ ಸರಿಯಿದ್ದರೆ ತಿಂಗಳು, ವರ್ಷ ಬರೆದು ಚೀಟಿ ಕಟ್ಟುತ್ತಾರೆ. ಒಂದು ಜೊತೆಗೆ ಒಂದೂವರೆ ನಿಮಿಷ. ಮಗಳು ಎದ್ದು ಚಹಾ ಕೇಳುವ ಹೊತ್ತಿಗೆ ಅರವತ್ತು, ಮಧ್ಯಾಹ್ನದ ಊಟದ ಹೊತ್ತಿಗೆ ನೂರೈವತ್ತು.

ಅಂಟುವ ಚೀಟಿ ಈ ಚಪ್ಪಲಿಗಳಿಗೆ ಹತ್ತುವುದಿಲ್ಲ. ಎಣ್ಣೆ ಕುಡಿದ ತೊಗಲು ಎರಡೇ ದಿನಕ್ಕೆ ಅದನ್ನು ಉಗುಳಿಬಿಡುತ್ತದೆ. ಅದಕ್ಕೇ ದಪ್ಪ ಕಾಗದದ ಚೀಟಿಗೆ ತೂತು ಹೊಡೆದು ಬಲಗಾಲಿನ ಉಂಗುಟದ ಪಟ್ಟಿಗೆ ದಾರದಿಂದ ಕಟ್ಟುವುದು. ಎಡಗಾಲನ್ನು ಖಾಲಿ ಬಿಡುತ್ತಾರೆ. ಕೊಳ್ಳುವವರು ಮೊದಲು ಎಡಗಾಲಿನದನ್ನೇ ಮೆಟ್ಟಿ ನೋಡುತ್ತಾರೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಕರವಸ್ತ್ರದ ಆ ಗಂಟಿಗೆ ಸೇರಿದ್ದು.

ಇಪ್ಪತ್ತೊಂಬತ್ತು ವರ್ಷದ ಶಾಹೀನ ಹಾನಗಲ್ಲಿನ ಮಗಳು, ಸವಣೂರಿನ ಸೊಸೆ. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿದವರು. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಎರಡು ಸಲ ಕುಳಿತಿದ್ದಾರೆ. ಗಂಡ ಇರ್ಫಾನ ಓದಿದ್ದು ಎಂಟನೆಯ ಇಯತ್ತೆ. ಮೋಟಾರ್ ಸೈಕಲ್ಲಿನ ಎರಡೂ ಬದಿಗೆ ಗೋಣಿಚೀಲ ಕಟ್ಟಿಕೊಂಡು ವಾರದ ಸಂತೆಗಳಲ್ಲಿ ಚಪ್ಪಲಿ ಮಾರುತ್ತಿದ್ದ. ಹುಬ್ಬಳ್ಳಿಯಿಂದ ತಂದ ರಬ್ಬರಿನವು ಅರ್ಧ, ಊರೂರುಗಳ ಮನೆಗಳಲ್ಲಿ ಹೊಲಿದ ತೊಗಲಿನವು ಅರ್ಧ. “ಅವರಿಗೆ ಕಾಲು ನೋಡಿದ್ರ ಸಾಕಿತ್ರಿ, ಅಳತಿ ಹೇಳ್ತಿದ್ರು. ನಮ್ಮ ಮದುವಿಗೆ ಮೊದ್ಲ ಮನೀಗೆ ಬಂದಾಗ ನನ್ನ ಮಾರಿ ನೋಡಿದ್ದೇ ಇಲ್ಲ. ಹೋಗೂ ಮುಂದ ನಮ್ಮ ಅಪ್ಪಗ, ನಿಮ್ಮ ಮಗಳ ಕಾಲಿಗೆ ಐದನೇ ನಂಬರ ಬರ್ತೈತಿ ಅಂದ್ರಂತ” ಎನ್ನುವಾಗ ಶಾಹೀನ ಅವರ ಕೈ ನಿಲ್ಲುವುದಿಲ್ಲ, ದಾರ ಗಂಟಾಗುತ್ತಲೇ ಇರುತ್ತದೆ.

ಎರಡು ವರ್ಷದ ಹಿಂದೆ ಅಕ್ಕಿಆಲೂರಿನ ಸಂತೆಗೆ ತಪಾಸಣೆಯವರು ಬಂದರು. ಹೆದರಿಸಲಿಲ್ಲ, ಮಾಲು ಎತ್ತಿಕೊಂಡು ಹೋಗಲಿಲ್ಲ. ಒಂದು ಮುದ್ರಿತ ಹಾಳೆ ಕೊಟ್ಟು, ಮುಂದಿನ ಸಲ ಹೀಗೆ ಇರಬಾರದು ಎಂದರು. ಹಾಳೆ ಮನೆಗೆ ಬಂತು. ಓದಿ ಹೇಳಿದವರು ಶಾಹೀನ. ಮಾರುವ ಪ್ರತಿ ಜೊತೆಯ ಮೇಲೆ ಅದನ್ನು ಮಾಡಿದವರ ಹೆಸರು, ವಿಳಾಸ ಇರಬೇಕು. ಅಳತೆ, ಮಾಡಿದ ತಿಂಗಳು ಮತ್ತು ವರ್ಷ, ಬೆಲೆ ಇರಬೇಕು. ದೂರು ಹೇಳಿಕೊಳ್ಳಲು ಒಂದು ಫೋನ್ ನಂಬರು ಬೇಕು. ಹೊರದೇಶದಿಂದ ತರಿಸಿದ್ದಾದರೆ ತರಿಸಿದವರ ಹೆಸರು, ಬಂದ ದೇಶದ ಹೆಸರು. ಇರ್ಫಾನ ಬೆರಳು ಮಡಚಿ ಮಡಚಿ ಅದನ್ನು ಬಾಯಿಪಾಠ ಮಾಡಿಕೊಂಡ.

ತೊಡಕಾದದ್ದು ಮೊದಲ ಬೆರಳಿನಲ್ಲೇ. ಹೊಲಿಯುವವರು ಹೆಸರು ಹಾಕಿಸಿಕೊಳ್ಳಲು ಒಪ್ಪಲಿಲ್ಲ. ಒಬ್ಬರಿಗೆ ತೆರಿಗೆಯ ಭಯ, ಇನ್ನೊಬ್ಬರಿಗೆ ರೇಷನ್ ಕಾರ್ಡು ರದ್ದಾಗುವ ಭಯ. ಫೋನ್ ನಂಬರು ಕೊಡಲಂತೂ ಯಾರೂ ತಯಾರಿರಲಿಲ್ಲ. ಇರ್ಫಾನ ಸವಣೂರಿನಲ್ಲಿ ಡಿಟಿಪಿ ಮಾಡುವ ಸಂಜಯನ ಅಂಗಡಿಗೆ ಹೋಗಿ ಐದು ಸಾವಿರ ಚೀಟಿ ಒಂದೇ ಹೊಡೆತಕ್ಕೆ ಮಾಡಿಸಿದ. ಎಲ್ಲ ಚಪ್ಪಲಿಗೂ ಮಾಡಿದವರ ಜಾಗದಲ್ಲಿ ತನ್ನದೇ ಹೆಸರು, ದೂರಿಗೆ ತನ್ನದೇ ನಂಬರು. “ಹಂಗ ಬರಿಯೂದು ತಪ್ಪಾಕ್ಕೈತಿ ಅಂತ ನಾ ಹೇಳಿದ್ದೆ. ಎಲ್ಲಾರೂ ಅಂಜಾಕತ್ತಾರ, ಸದ್ಯ ಒಂದ ಹೆಸರ ಇರ್ಲಿ, ಬೈಸಿಕೊಳ್ಳಾಕ ನಾ ಇದ್ದೇನಲ್ಲ ಅಂದ್ರು” ಎನ್ನುತ್ತಾರೆ ಶಾಹೀನ.

ಅಂಜದವರು ಒಬ್ಬರಿದ್ದರು. ಶಿಗ್ಗಾವಿ ತಾಲ್ಲೂಕು ಹಿರೇಬೆಂಡಿಗೇರಿಯ ಶಂಕ್ರಪ್ಪ. ಅರವತ್ತೆಂಟು ವರ್ಷ, ಮೂರು ತಲೆಮಾರಿನ ತೊಗಲಿನ ಕೆಲಸ. ಅವರ ಮನೆಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಹಿತ್ತಾಳೆಯ ಠಸೆ ಒಂದಿತ್ತು. ತುದಿಯಲ್ಲಿ ಎರಡು ವೀಳ್ಯದೆಲೆ, ನಡುವೆ ಒಂದು ಚುಕ್ಕಿ. ಹೊಲಿದು ಮುಗಿದ ಪ್ರತಿ ಜೊತೆಯ ಎಡ ಹಿಮ್ಮಡಿಯ ಜಾಗದಲ್ಲಿ ಅದನ್ನಿಟ್ಟು ಸುತ್ತಿಗೆಯಿಂದ ಒಂದೇ ಏಟು. ಎಲೆ, ಚುಕ್ಕಿ ತೊಗಲಿನಲ್ಲಿ ಇಳಿದು ಕೂರುತ್ತಿದ್ದವು. ಆ ಠಸೆ ಇರುವ ಚಪ್ಪಲಿ ಎಷ್ಟು ವರ್ಷಕ್ಕೆ ಹರಿದು ಬಂದರೂ ಹೊಲಿದು ಕೊಡುವುದು ಆ ಮನೆಯ ಕಟ್ಟು. ಸರ್ಕಾರದ ಹಾಳೆಯಲ್ಲಿ ಇದ್ದುದರ ಬಹುಪಾಲನ್ನು ಶಂಕ್ರಪ್ಪನವರ ಅಜ್ಜ ಒಂದೇ ಏಟಿನಲ್ಲಿ ಬರೆದುಬಿಟ್ಟಿದ್ದರು.

“ನನ್ನ ಹೆಸರ ಹಾಕೋ ಇರ್ಫಾನ. ಮಗ್ಗಲದಾಗ ಈ ಗುರ್ತೂ ಹಾಕು” ಎಂದು ಶಂಕ್ರಪ್ಪ ಆ ಠಸೆಯನ್ನೇ ತೆಗೆದು ಕೈಗೆ ಕೊಟ್ಟರು. ಒಂದು ವಾರದ ಮಟ್ಟಿಗೆ. ಇರ್ಫಾನ ತನ್ನ ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ತಂದು ಹೆಂಡತಿಗೆ ಕೊಟ್ಟ. ಗುರುತನ್ನು ಕಾಗದದ ಮೇಲೆ ತೆಗೆದುಕೊಟ್ಟರೆ ಸಂಜಯ ಚೀಟಿಯಲ್ಲಿ ಕೂಡಿಸುತ್ತಾನೆ ಎಂದ. ಆ ವಾರ ಪರೀಕ್ಷೆಯ ಓದು. ಮುಂದಿನ ವಾರ ಮಾಹೀರಾಗೆ ಜ್ವರ. ಅದರ ಮುಂದಿನ ವಾರಕ್ಕೆ ಯಾವ ಕಾರಣವೂ ಇರಲಿಲ್ಲ. ಇರ್ಫಾನ ಮೂರು ಸಲ ನೆನಪಿಸಿದ. ಮೂರನೆಯ ಸಲ ಶಾಹೀನ, “ನಾ ಏನ್ ನಿಮ್ಮ ಅಂಗಡಿ ನೌಕರಳೇನ್ರಿ?” ಎಂದರು. ಅದಾದ ಮೇಲೆ ಅವನು ಕೇಳಲಿಲ್ಲ. ಗಂಟು ಯಂತ್ರದ ಖಾನೆಯಲ್ಲಿ ಹದಿನಾಲ್ಕು ತಿಂಗಳು ಉಳಿಯಿತು.

ಹುಬ್ಬಳ್ಳಿಯಿಂದ ಮಾಲು ತರಲು ಹೋಗಿದ್ದ ಇರ್ಫಾನ ಹಿಂದಿರುಗುವಾಗ ಯಲವಿಗಿ ಸ್ಟೇಶನ್ನಿನಲ್ಲಿ ರೈಲು ಇಳಿದು ಮಾಲಿನ ಮೂಟೆ ಎತ್ತಿ ಹೆಗಲಿಗಿಟ್ಟ. ನಾಲ್ಕು ಹೆಜ್ಜೆ ನಡೆದು ಕುಳಿತ. ಮೂವತ್ತನಾಲ್ಕು ವರ್ಷ. ಹೃದಯಾಘಾತ ಎಂದರು. ಅಷ್ಟೇ.

ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಡತಿ ಹೊಸ್ತಿಲು ದಾಟದೆ ಇರಬೇಕು. ಅದಕ್ಕೆ ಇದ್ದತ್ ಎನ್ನುತ್ತಾರೆ. ಶಾಹೀನ ಹೊರಗೆ ಹೋಗುವಂತಿಲ್ಲ. ಫೋನಿಗೆ ಮಾತ್ರ ಯಾವ ಕಟ್ಟೂ ಇಲ್ಲ. ಐದು ಸಾವಿರ ಚೀಟಿಗಳ ಮೇಲೆ ಆ ನಂಬರು ನಾಲ್ಕು ತಾಲ್ಲೂಕುಗಳಲ್ಲಿ ಓಡಾಡುತ್ತಿದೆ. ದಿನಕ್ಕೆ ಹತ್ತು ಹನ್ನೆರಡು ಕರೆ, ಸಂತೆಯ ಮರುದಿನ ಇಪ್ಪತ್ತು.

ಅತ್ತೆ ಅಖ್ತರುನ್ನೀಸಾಗೆ ಇದು ಸರಿಬರಲಿಲ್ಲ. ಇದ್ದತ್‌ನಲ್ಲಿರುವ ಸೊಸೆ ಕಂಡಕಂಡ ಗಂಡಸರ ಜೊತೆ ಚಪ್ಪಲಿಯ ಮಾತಾಡುವುದೇ? ಫೋನು ಬಂದ್ ಮಾಡಿಸು ಎಂದರು. ಎರಡು ದಿನ ಯೋಚಿಸಿ ತಾವೇ ಫೋನು ಎತ್ತತೊಡಗಿದರು. ಮನೆಯ ಮಾತು ಉರ್ದುವಾದರೂ ಅವರ ಜಗಳದ ಭಾಷೆ ಕನ್ನಡ. “ಎಂಟ ದಿನಕ್ಕ ಚಪ್ಪಲಿ ಹರಿತೇನು? ಕಾಲ್ಮರಿ ಹಾಕ್ಕೊಂಡು ಕಲ್ಲ ಒದ್ದೀಯೇನೋ ತಮ್ಮಾ? ಖರೇ ಹೇಳು.” ಆ ಕಡೆಯವನು ಸ್ವಲ್ಪ ತಡೆದು, “ಕಲ್ಲಲ್ರಿ, ಎಮ್ಮೀಗೆ ಒದ್ದಿದ್ದೆ” ಎಂದನಂತೆ. ಅಂದು ಆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ನಕ್ಕರು. ನಕ್ಕ ಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಖ್ತರುನ್ನೀಸಾ ಬೈದು ಮುಗಿಸಿದ ಮೇಲೆ ಶಾಹೀನ ಬರೆದುಕೊಳ್ಳುತ್ತಿದ್ದರು. ಹೊಲಿಗೆ ಬಿಟ್ಟದ್ದು ಯಾವುದು, ತೊಗಲು ಸೀಳಿದ್ದು ಯಾವುದು. ಇರ್ಫಾನನ ಜೊತೆ ಸಂತೆಗೆ ಹೋಗುತ್ತಿದ್ದ ಹುಲಗೇಶ ಹರಿದವನ್ನು ಕೂಡಿಸಿ ತಂದು ಬಾಗಿಲ ಹೊರಗಿಡುತ್ತಿದ್ದ. ಆಗ ತೊಡಕು ಗೊತ್ತಾಯಿತು. ಚೀಟಿಯ ಮೇಲೆಲ್ಲ ಇರ್ಫಾನನ ಹೆಸರು. ಹೊಲಿದವರು ಯಾರು? ಇರ್ಫಾನನಿಗೆ ಹೊಲಿಗೆ ನೋಡಿದರೆ ತಿಳಿಯುತ್ತಿತ್ತು. ಶಾಹೀನರಿಗೆ ತಿಳಿಯದು. ರಿಪೇರಿಗೆ ಬಂದ ಮೊದಲ ಹದಿನೆಂಟು ಜೊತೆಗಳಲ್ಲಿ ಏಳು ತಪ್ಪು ಮನೆಗೆ ಹೋಗಿ ಮರಳಿ ಬಂದವು. “ನಮ್ಮ ಕೈ ಕೆಲಸಕ್ಕ ಇಂಥಾ ಹೆಸರ ತರಬ್ಯಾಡ್ರಿ” ಎಂದು ಒಬ್ಬರು ಸಿಟ್ಟಿನಿಂದ ಹೇಳಿ ಕಳಿಸಿದರು.

ಎರಡನೆಯ ತಿಂಗಳಲ್ಲಿ ಒಬ್ಬ ಗುಮಾಸ್ತ ಬಂದ. ದೊಡ್ಡ ವ್ಯಾಪಾರಿಯೊಬ್ಬರ ಕಡೆಯವನು. ಹೊರದೇಶದ ಸ್ಪಂಜಿನ ಚಪ್ಪಲಿ ಆರುನೂರು ಜೊತೆ ಟೆಂಪೋದಲ್ಲಿತ್ತು. ಅವುಗಳ ಮೇಲಿನ ದೇಶದ ಹೆಸರು ಮುಚ್ಚುವಂತೆ ಸವಣೂರಿನ ವಿಳಾಸದ ಚೀಟಿ ಅಂಟಿಸಿ ಕೊಡಬೇಕು, ತಿಂಗಳಿಗೆ ಇಷ್ಟೇ ಮಾಲು ತಪ್ಪದೆ ಬರುತ್ತದೆ ಎಂದ. ಶಾಹೀನ ಪರದೆಯ ಹಿಂದೆ ನಿಂತೇ ಉತ್ತರ ಕೊಟ್ಟರು.

“ಎಲ್ಲಿಂದ ಬಂತೋ ಅದನ್ನ ಬರಸ್ರಿ. ಅದರ ಮ್ಯಾಲ ನಾ ಏನೂ ಅಂಟಸೂದಿಲ್ಲ.”

“ಓಹೋ, ಭಾಳ ಸಾಚಾ ಮಾತಾಡಾಕತ್ತೀರಲ್ಲ ಅಕ್ಕಾರ! ನಿಮ್ಮ ಮನೀಯವರು ಹತ್ತ ಮಂದಿ ಹೊಲಿದ ಕಾಲ್ಮರಿಗೆ ತಮ್ಮ ಹೆಸರ ಅಂಟಿಸ್ಯಾರ. ಆವಾಗ ಪರದೆ ಹಿಂದ ಯಾರಿದ್ರು?”

ಟೆಂಪೋ ಹೋಯಿತು. ಅಖ್ತರುನ್ನೀಸಾ ಅವನ ಮನೆತನವನ್ನೇ ಹಿಡಿದು ಬೈದರು. ಶಾಹೀನ ಬೈಯಲಿಲ್ಲ. “ಅಂವ ಬೈಯಾಕ ಬಂದಿದ್ದ, ಖರೇ. ಆದ್ರ ಆಡಿದ್ದು ಸುಳ್ಳಲ್ರಿ” ಎನ್ನುತ್ತಾರೆ. ಅಂದು ಮಧ್ಯಾಹ್ನ ಖಾನೆ ಎಳೆದು ಗಂಟು ಬಿಚ್ಚಿದರು. ಠಸೆಯ ಮೇಲೆ ತೆಳುವಾದ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಎರಡು ಎಲೆ ಮೂಡಿದವು, ನಡುವೆ ಚುಕ್ಕಿ ಮೂಡಿತು. ಗೋಡೆಯ ಗಡಿಯಾರ ನೋಡಿದರು. ಏಳು ನಿಮಿಷ ಹಿಡಿದಿತ್ತು.

ಮರುದಿನದಿಂದ ಒಬ್ಬೊಬ್ಬರಿಗೇ ಫೋನು. ನಿಮ್ಮ ಹೆಸರು ಹಾಕುತ್ತೇನೆ, ತೆರಿಗೆ ಬರುವುದಿಲ್ಲ, ರೇಷನ್ ಹೋಗುವುದಿಲ್ಲ, ಫೋನು ನಾನೇ ಎತ್ತುತ್ತೇನೆ. ಎಂ.ಎ. ಓದಿದ ಹೆಣ್ಣುಮಗಳು ಕಾನೂನಿನ ಹಾಳೆ ಕೈಯಲ್ಲಿ ಹಿಡಿದು ಹೇಳುತ್ತಿದ್ದಾಳೆ ಎಂದ ಮೇಲೆ ಭಯ ಸ್ವಲ್ಪ ಸಡಿಲವಾಯಿತು. ಹಾನಗಲ್ಲ ಕಡೆಯ ಒಬ್ಬರು, “ಅರ್ಧ ಕೆಲಸ ಹೆಂಡ್ತಿ ಮಾಡ್ತಾಳ್ರಿ, ಆಕಿ ಹೆಸರ ಹಾಕ್ರಿ. ದೂರು ಬಂದ್ರ ಆಕೀನ ಬೈಸಿಕೊಳ್ಳಲಿ” ಎಂದರು. ಹಿಂದಿನಿಂದ ಹೆಂಡತಿ, “ಎರಡೂ ಹೆಸರ ಹಾಕ್ರಿ, ನಂದು ಮೊದ್ಲ!” ಎಂದು ಕೂಗಿದ್ದು ಕೇಳಿಸಿತು. ಹಾಗೆಯೇ ಹಾಕಿದ್ದಾರೆ.

ಹಿರೇಬೆಂಡಿಗೇರಿಗೆ ಕೊನೆಯಲ್ಲಿ ಫೋನು ಮಾಡಿದರು. ಎತ್ತಿದವರು ಶಂಕ್ರಪ್ಪನವರ ಹೆಂಡತಿ ಅನ್ನವ್ವ.

“ಇರ್ಫಾನನ ಹೆಂಡ್ತಿಯೇನು? ಕೇಳಿದ್ವಿ ಯವ್ವಾ, ಸಣ್ಣ ವಯಸ್ಸು, ಹಂಗಾಗಬಾರ್ದಿತ್ತು.” ಆಮೇಲೆ ದನಿ ಏರಿತು. “ಸತ್ತವರ ಮ್ಯಾಲ ಮಾತಾಡಬಾರ್ದಂತ ಬಾಯಿ ಮುಚ್ಕೊಂಡಿದ್ದೆ. ನೀನ ಫೋನ್ ಮಾಡೀದಿ ಅಂತ ಅಂತೇನಿ. ಮೂರ ತಲಿ ಸಾಮಾನು, ಒಂದ ವಾರ ಅಂತ ಒಯ್ದು ನುಂಗಿ ಹಾಕಿದ ನೋಡು ನಿನ್ನ ಗಂಡ. ಹಿತ್ತಾಳಿ ತುಂಡು ಏಸ ರೂಪಾಯಿಗೆ ಹೋಗ್ತೈತಿ? ಹಂತಾ ಅಡಚಣಿ ಏನಿತ್ತಂತ ಅಂವಗ?”

ಅದು ನನ್ನ ಬಳಿಯೇ ಇತ್ತು, ತಡ ಮಾಡಿದ್ದು ನಾನು ಎಂದು ಆಗಲೇ ಹೇಳಬಹುದಿತ್ತು. ಶಾಹೀನ ಹೇಳಲಿಲ್ಲ. “ತಂದ ಕೊಡ್ತೇನ್ರಿ ಕಾಕೂ. ಇದ್ದತ್ ಮುಗೀಲಿ” ಎಂದಷ್ಟೇ ಅಂದರು.

“ಈಗ ತಂದ್ರೇನು, ಬಿಟ್ರೇನು. ಅವರ ಕಣ್ಣ ಹ್ವಾದ್ವು. ಹ್ವಾದ ದೀಪಾವಳಿಗೆ ಮಬ್ಬಿತ್ತು, ಈಗ ಪೂರಾ ಕತ್ತಲಿ. ನರ ಒಣಗ್ಯಾವ, ಆಪರೇಶನ್ನಿಗೂ ಬರೂದಿಲ್ಲ ಅಂದ್ರು ಡಾಕ್ಟರು. ಕೈ ರೂಢಿ ಮ್ಯಾಲ ಹೊಲೀತಾರ. ಈಗಿನ ನಲವತ್ತೆಂಟ ಜೊತಿ ಮುಗದ್ರ ಮುಗೀತು, ಮತ್ತ ತೊಗಲ ಕೊಯ್ಯೂ ರಾಂಪಿ ಹಿಡಿಯೂದಿಲ್ಲ ಅಂದಾರ.”

ಅನ್ನವ್ವ ಇನ್ನೊಂದು ಮಾತು ಹೇಳಿದರು. ಠಸೆ ಹೋದ ಮೇಲೆ ಹೊಲಿದವುಗಳಿಗೆ ಗುರುತಿಲ್ಲ. ಕಣ್ಣಿಲ್ಲದ ಶಂಕ್ರಪ್ಪ ಎಡ ಹಿಮ್ಮಡಿಯ ಮೇಲೆ ಹೆಬ್ಬೆರಳು ಆಡಿಸಿ ತಮ್ಮ ಕೆಲಸವನ್ನು ಗುರುತು ಹಿಡಿಯುತ್ತಿದ್ದವರು. ಒಮ್ಮೆ ಅದೇ ಊರಿನ ಹೆಣ್ಣುಮಗಳೊಬ್ಬಳು ಹರಿದ ಜೊತೆ ತಂದಳು. ಹೆಬ್ಬೆರಳಿಗೆ ಏನೂ ಸಿಗಲಿಲ್ಲ. “ಇದು ನಂದಲ್ಲ” ಎಂದು ಕಳಿಸಿಬಿಟ್ಟರು. ಅದು ಅವರೇ ಹೊಲಿದದ್ದು. ಆಕೆ ಬೀದಿಯಲ್ಲಿ ನಿಂತು, ಮುದುಕ ಮಾತು ತಪ್ಪಿದ ಎಂದು ಹತ್ತು ಮಂದಿಗೆ ಕೇಳುವಂತೆ ಆಡಿ ಹೋದಳು. ಅಂದಿನಿಂದ ಶಂಕ್ರಪ್ಪ ರಿಪೇರಿಗೆ ಬಂದ ಯಾವುದನ್ನೂ ನಮ್ಮದಲ್ಲ ಎನ್ನುವುದಿಲ್ಲ. ಯಾರು ಹೊಲಿದದ್ದೇ ಇರಲಿ, ಹೊಲಿದು ಕೊಟ್ಟುಬಿಡುತ್ತಾರೆ.

ಹುಲಗೇಶನ ಕೈಯಲ್ಲಿ ಠಸೆ ಕಳಿಸಬಹುದಿತ್ತು. ಶಾಹೀನ ಕಳಿಸಲಿಲ್ಲ. ಕೊಡುವಾಗ ಹೇಳಬೇಕಾದ ಮಾತೊಂದಿತ್ತು, ಅದನ್ನು ಹುಲಗೇಶ ಹೇಳಲಾರ. ಸಂಜಯ ಹೊಸ ಚೀಟಿ ಮಾಡಿಕೊಟ್ಟ. ಶಂಕ್ರಪ್ಪನವರ ಹೆಸರು, ಊರು, ಮೂಲೆಯಲ್ಲಿ ಎರಡು ಎಲೆ, ಒಂದು ಚುಕ್ಕಿ. ಐವತ್ತು ಚೀಟಿ. ನಲವತ್ತೆಂಟು ಸಾಕಾಗುತ್ತವೆ ಎಂದು ಅವನಿಗೆ ಹೇಳಲು ಮನಸ್ಸಾಗಲಿಲ್ಲ.

ಇದ್ದತ್ ಮುಗಿದ ಮರುದಿನ ಶಾಹೀನ ಬುರ್ಖಾ ತೊಟ್ಟು, ಚೀಟಿಯ ಕಟ್ಟು, ಕರವಸ್ತ್ರದ ಗಂಟು ಚೀಲದಲ್ಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತುತ್ತಾರೆ. ನಾಲ್ಕು ತಿಂಗಳ ನಂತರ ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಕಾಲಲ್ಲಿ ಐದನೇ ನಂಬರಿನ ಚಪ್ಪಲಿ. ಬಸ್ಸಿನಲ್ಲಿ ಎರಡು ಸಲ ಫೋನು ಬರುತ್ತದೆ. ಎರಡು ಸಲವೂ ಎತ್ತಿ, ಚೀಟಿಯ ಮೇಲಿನ ಹೆಸರು ಕೇಳಿ, ಬರೆದುಕೊಳ್ಳುತ್ತಾರೆ. ಪಕ್ಕದಲ್ಲಿ ಕುಳಿತ ಹೆಂಗಸು, “ಯಾವ ಆಫೀಸಿನ್ಯಾಗ ಇದ್ದೀರಿ ಅಕ್ಕಾರ?” ಎನ್ನುತ್ತಾಳೆ. ಶಾಹೀನ ತಮ್ಮ ಕಾಲಿನ ಚಪ್ಪಲಿ ತೋರಿಸುತ್ತಾರೆ.

ಶಂಕ್ರಪ್ಪ ಬಾಗಿಲ ಬೆಳಕಿಗೆ ಬೆನ್ನು ಮಾಡಿ ಕುಳಿತಿದ್ದಾರೆ. ನಲವತ್ತು ವರ್ಷ ಅದೇ ಬೆಳಕಿಗೆ ಮುಖ ಮಾಡಿ ಕುಳಿತವರು. ಈಗ ಬೆಳಕು ಬೆನ್ನಿಗೆ ಬೆಚ್ಚಗಿದ್ದರೆ ಸಾಕು. ಎದುರಿಗೆ ನಲವತ್ತೆಂಟು ಜೊತೆ ಸಾಲಾಗಿ ಇಟ್ಟಿವೆ. ಅನ್ನವ್ವ ಚಾಪೆ ಹಾಸುತ್ತಾರೆ. “ಕುಂದ್ರು ಯವ್ವಾ. ಚಾ ಮಾಡ್ತೇನಿ. ಕೂಸಿನ್ನ ಕರಕೊಂಡ ಬರಬಾರ್ದೇನು?” ಫೋನಿನಲ್ಲಿ ಆಡಿದ ಮಾತು ಅವರಿಗೂ ನೆನಪಿದೆ. ಅದನ್ನು ಮುಚ್ಚಲೆಂಬಂತೆ ದನಿ ಜೋರಾಗಿದೆ.

ಶಾಹೀನ ಗಂಟು ಬಿಚ್ಚದೆ ಹಾಗೆಯೇ ಶಂಕ್ರಪ್ಪನವರ ಅಂಗೈಯಲ್ಲಿ ಇಡುತ್ತಾರೆ.

“ಕಾಕಾ, ಇದನ್ನ ಅವರು ಇಟ್ಕೊಂಡಿದ್ದಿಲ್ಲರಿ. ತಂದ ದಿನಾನ ನನ್ನ ಕೈಗೆ ಕೊಟ್ಟಿದ್ರು. ಇಟ್ಕೊಂಡ ಕುಂತಾಕಿ ನಾನು.”

ಒಲೆಯ ಮುಂದೆ ಅನ್ನವ್ವನ ಕೈ ನಿಲ್ಲುತ್ತದೆ.

“ನೀ ಏನ್ ಮಾಡಾಕತ್ತಿದ್ದಿ ಇದನ್ನ?” ಶಂಕ್ರಪ್ಪ ಕೇಳುತ್ತಾರೆ.

“ಏನೂ ಮಾಡ್ಲಿಲ್ರಿ. ಏಳ ನಿಮಿಷದ ಕೆಲಸ. ಇವತ್ತ ಮಾಡೂಣು, ನಾಳೆ ಮಾಡೂಣು ಅಂತ ಬಿಟ್ಟೆ.”

ಶಂಕ್ರಪ್ಪ ಗಂಟು ಬಿಚ್ಚುತ್ತಾರೆ. ಹೆಬ್ಬೆರಳು ಠಸೆಯ ತುದಿಯ ಮೇಲೆ ಎರಡು ಸಲ ಸುತ್ತುತ್ತದೆ. “ಅದ ಐತಿ” ಎನ್ನುತ್ತಾರೆ. ಆಮೇಲೆ, “ಒಂದ ವರ್ಷ ಮೊದ್ಲ ತಂದಿದ್ರ ಕಣ್ಣಿಲೆ ನೋಡ್ತಿದ್ದೆ, ಚೀಟಿ ಮ್ಯಾಲ.”

“ಹೌದ್ರಿ.”

“ಇರ್ಫಾನ ಬಂದಾಗೊಮ್ಮೆ ಕೇಳ್ತಿದ್ದೆ. ಮರ್ತ ಬಂದ್ನಿ ಕಾಕಾ, ತಪ್ಪಾತು ಕಾಕಾ, ಮುಂದಿನ ವಾರ ಗ್ಯಾರಂಟಿ ಅಂತಿದ್ದ. ಈಕಿ ಒಮ್ಮೆ ಚೊಲೋತ್ನಾಗಿ ಬೈದಳು. ಕಿವಿ ಹಿಡ್ಕೊಂಡು ನಿಂತಿದ್ದ. ನಿನ್ನ ಹೆಸರ ಒಮ್ಮೀನೂ ತಗೀಲಿಲ್ಲ.”

ಶಾಹೀನ ಚೀಟಿಯ ಕಟ್ಟಿನ ದಾರ ಬಿಚ್ಚಲು ಹೋಗುತ್ತಾರೆ. ಒಂದೇ ಬೆಳಗಿಗೆ ನೂರೈವತ್ತು ಗಂಟು ಹಾಕುವ ಬೆರಳುಗಳಿಗೆ ಗಂಟು ಸಿಗುವುದಿಲ್ಲ. ಅನ್ನವ್ವ ಬಂದು ಬಿಚ್ಚಿಕೊಡುತ್ತಾರೆ.

“ಓದು” ಎನ್ನುತ್ತಾರೆ ಶಂಕ್ರಪ್ಪ.

ಶಾಹೀನ ಓದುತ್ತಾರೆ. ತೊಗಲಿನ ಚಪ್ಪಲಿ, ಒಂದು ಜೊತೆ. ಅಳತೆ ಎಂಟು. ತಿಂಗಳು, ವರ್ಷ. ಬೆಲೆ. ಮಾಡಿದವರು ಶಂಕ್ರಪ್ಪ, ಹಿರೇಬೆಂಡಿಗೇರಿ, ಶಿಗ್ಗಾವಿ ತಾಲ್ಲೂಕು.

“ಮಾಡಿದವರು ಅನ್ನೂದಷ್ಟ ಇನ್ನೊಮ್ಮೆ ಓದವಾ.”

ಇನ್ನೊಮ್ಮೆ ಓದುತ್ತಾರೆ.

“ಫೋನ್ ನಂಬರ ಯಾರ್ದು ಹಾಕೀದಿ?”

“ಅವರ್ದ ಐತ್ರಿ. ಎತ್ತಾಕಿ ನಾನು.”

ಶಂಕ್ರಪ್ಪ ಕೈ ಚಾಚಿ ಸಾಲಿನ ಮೊದಲ ಜೊತೆ ಎಳೆದುಕೊಳ್ಳುತ್ತಾರೆ. ತಡವಿ ಎಡಗಾಲಿನದನ್ನು ಆರಿಸಿ ಕಲ್ಲಿನ ಮೇಲೆ ಇಡುತ್ತಾರೆ, ಹಿಮ್ಮಡಿಯ ಜಾಗ ಹಿಡಿದು ಠಸೆ ನಿಲ್ಲಿಸುತ್ತಾರೆ. ಸುತ್ತಿಗೆಯ ಏಟು ಒಂದೇ. ಹೆಬ್ಬೆರಳು ಆಡಿಸಿ ನೋಡಿ ಚಪ್ಪಲಿಯನ್ನು ಶಾಹೀನರ ಕಡೆ ಸರಿಸುತ್ತಾರೆ. ಶಾಹೀನ ಅದರ ಬಲಗಾಲಿನದಕ್ಕೆ ಚೀಟಿ ಕಟ್ಟುತ್ತಾರೆ. ಎರಡನೆಯ ಜೊತೆ. ಮೂರನೆಯದು. ಚಹಾ ಆರುತ್ತದೆ, ಅನ್ನವ್ವ ಮತ್ತೆ ಬಿಸಿ ಮಾಡಿ ತರುತ್ತಾರೆ. ಬೀದಿಯಲ್ಲಿ ಹೋಗುವವರು ಸುತ್ತಿಗೆಯ ಸದ್ದಿಗೆ ಒಂದು ಗಳಿಗೆ ನಿಂತು ಬಾಗಿಲೊಳಗೆ ನೋಡಿ ಮುಂದೆ ಹೋಗುತ್ತಾರೆ.

ನಲವತ್ತೆಂಟು ಮುಗಿಯುವಾಗ ಮಧ್ಯಾಹ್ನದ ಬಸ್ಸಿನ ಹೊತ್ತು. ಎರಡು ಚೀಟಿ ಉಳಿದಿವೆ. ಅವನ್ನು ಶಾಹೀನ ಅನ್ನವ್ವನ ಕೈಗೆ ಕೊಡುತ್ತಾರೆ. ಅನ್ನವ್ವ ದೇವರ ಜಗಲಿಯ ಮೇಲಿಡಲು ಹೋಗಿ, ಹಿಂದಿರುಗಿ, ಗಂಡನ ರಾಂಪಿ ಇರುವ ಡಬ್ಬಿ ತೆರೆದು ಅದರಲ್ಲಿಡುತ್ತಾರೆ.

ಶಾಹೀನ ಏಳುವಷ್ಟರಲ್ಲಿ ಶಂಕ್ರಪ್ಪ ನೆಲ ತಡವುತ್ತಾರೆ. ಕರವಸ್ತ್ರ ಸಿಗುತ್ತದೆ. ಅದನ್ನು ತೊಡೆಯ ಮೇಲಿಟ್ಟು ನಾಲ್ಕು ಮಡಿಕೆ ಮಡಚಿ, ಅಂಗೈಯಿಂದ ಒತ್ತಿ ಸಮ ಮಾಡುತ್ತಾರೆ.

“ಠಸೆ ನಮ್ಮದು, ಮುಟ್ಟಿತು. ಇದು ಇರ್ಫಾನಂದು. ಒಯ್ಯಿ.”

ಚಾಚಿದ ಕೈ ಶಾಹೀನ ನಿಂತ ಕಡೆಗಿಲ್ಲ, ಒಂದು ಮೊಳ ಆಚೆಗಿದೆ. ಅವರು ಸರಿದು ಆ ಕೈಯ ಎದುರಿಗೆ ಬಂದು ನಿಂತು ತೆಗೆದುಕೊಳ್ಳುತ್ತಾರೆ.